ಕೊನೆಯ ಪುಟ

— ಹಳೆಯದರಲ್ಲಿ ಇರುವುದನ್ನೇ ನೋಡಿಕೊಂಡು ತುಂಬಿದರೆ ಆಯಿತಲ್ಲ ಸರ್? ಫಾರ್ಮು ಆನ್‌ಲೈನ್‌ನಲ್ಲಿದೆ, ಅಪಾಯಿಂಟ್‌ಮೆಂಟೂ ಸಿಗುತ್ತೆ. ಬ್ಯಾಂಕಿನ ಪಾಸ್‌ಬುಕ್ಕಿನ ಹಾಳೆ ಮುಗಿದಾಗ ಹೊಸದು ಕೊಡ್ತಾರಲ್ಲ, ಹಾಗೆ.

— ಹಾಗಲ್ಲ ಮಾರಾಯ್ತಿ. ಹಳೆಯ ಪಾಸ್‌ಪೋರ್ಟಿನ ಅವಧಿಯನ್ನು ಯಾರೂ ಮುಂದಕ್ಕೆ ಹಾಕಿಕೊಡುವುದಿಲ್ಲ. ಬರುವುದು ಹೊಸ ಪುಸ್ತಕ, ಹೊಸ ನಂಬರು. ಹಳೆಯದರ ಮೂಲೆ ಕತ್ತರಿಸಿ, ರದ್ದಾಗಿದೆ ಅಂತ ಮುದ್ರೆ ಹೊಡೆದು ಕೈಗೆ ಕೊಡುತ್ತಾರೆ. ಅಂದರೆ ಸರ್ಕಾರ ನಿನ್ನನ್ನು ಇನ್ನೊಮ್ಮೆ ಮೊದಲಿನಿಂದ ನೋಡುತ್ತದೆ. ಇವಳು ಯಾರ ಮಗಳು, ಯಾವ ಊರು, ಯಾವ ಠಾಣೆಯ ಸರಹದ್ದು, ಎಲ್ಲವೂ ಪುನಃ. ತಪ್ಪಿದ್ದದ್ದನ್ನು ಸರಿ ಮಾಡಿಕೊಳ್ಳಲಿಕ್ಕೆ ಹತ್ತು ವರ್ಷಕ್ಕೊಮ್ಮೆ ಸಿಗುವ ಅವಕಾಶ ಇದು. ಎಲ್ಲಿ, ಪಾಸ್‌ಪೋರ್ಟ್ ಕೊಡು. ಫೋಟೋ ಇರುವ ಪುಟ ಆಮೇಲೆ ನೋಡುವ, ಕೊನೆಯ ಪುಟ ತೆಗೆ.

— ಅಪ್ಪನ ಹೆಸರು, ಅಮ್ಮನ ಹೆಸರು. ಗಂಡನ ಹೆಸರಿನ ಜಾಗ ಖಾಲಿ, ಆಗ ಮದುವೆ ಆಗಿರಲಿಲ್ಲ. ಕೆಳಗೆ ತುಮಕೂರಿನ ಮನೆ ವಿಳಾಸ. ಆ ಮನೆ ಈಗ ನಮ್ಮದಲ್ಲ, ಅಪ್ಪ ಮಾರಿಬಿಟ್ಟರು.

— ನೋಡು, ಇನ್ನೂ ಫಾರ್ಮು ತೆರೆದಿಲ್ಲ, ಆಗಲೇ ಎರಡು ವಿಷಯ ಬಂತು. ಈಗ ಫೋಟೋ ಇರುವ ಪುಟಕ್ಕೆ ಬಾ. ಸರ್‌ನೇಮ್ ಎದುರು ಎಂತ ಉಂಟು?

— ಏನೂ ಇಲ್ಲ. ನಮ್ಮ ಮನೆಯಲ್ಲಿ ಸರ್‌ನೇಮ್ ಅಂತ ಎಲ್ಲಿತ್ತು ಸರ್? ಶಾಲೆಯಲ್ಲಿ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯೋದಿಲ್ಲ ಅಂತ ಏಜೆಂಟ್ ಅವೆರಡನ್ನೂ ಬಿಟ್ಟು ಬರೀ ಹೆಸರು ಬರೆದುಬಿಟ್ಟ. ಆಗ ಯಾರಿಗೂ ಅದು ಕೊರತೆ ಅಂತ ಅನ್ನಿಸಲಿಲ್ಲ.

— ಕೊರತೆ ಅಲ್ಲವೇ ಅಲ್ಲ. ಕನ್ನಡ ನಾಡಿನಲ್ಲಿ ಅರ್ಧಕ್ಕರ್ಧ ಜನರ ಹೆಸರು ಹಾಗೆಯೇ ಇರುವುದು. ಆದರೆ ಗಡಿಯಲ್ಲಿ ಕೂತ ಕಂಪ್ಯೂಟರಿಗೆ ಎರಡು ಚೌಕ ಬೇಕು. ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಖಾಲಿ ಇದ್ದರೆ ನಿನ್ನ ಹೆಸರನ್ನೇ ತೆಗೆದು ಸರ್‌ನೇಮ್ ಜಾಗಕ್ಕೆ ಹಾಕುತ್ತಾರೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರೆಯುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಅದು ಅಲ್ಲಿಂದ ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ, ಸಂಬಳದ ಚೀಟಿಗೆ ಹರಡುತ್ತದೆ. ಇಲ್ಲಿ ಯುಎಇಯಲ್ಲೂ 2022ರ ನವೆಂಬರಿನಲ್ಲಿ ಒಂದು ಸುತ್ತೋಲೆ ಬಂತಲ್ಲ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಇಲ್ಲ ಅಂತ. ಮಗಳ ಬಾಣಂತನಕ್ಕೆ ಅಂತ ಟಿಕೆಟ್ ಮಾಡಿಸಿಟ್ಟ ಅಮ್ಮಂದಿರ ಗತಿ ಏನು? ಮತ್ತೆ ಸ್ಪಷ್ಟನೆ ಬಂತು, ಪಾಸ್‌ಪೋರ್ಟಿನ ಆ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಬಿಡುತ್ತೇವೆ ಅಂತ. ಕೊನೆಯ ಪುಟ ಮೊದಲು ತೆಗೆ ಅಂತ ನಾನು ಹೇಳುವುದು ಅದಕ್ಕೇ.

— ಹಾಗಾದರೆ ಈಗ ಸರ್‌ನೇಮ್ ಸೇರಿಸಿಬಿಡಲಾ? ಗಂಡನ ಮನೆಯವರು ಅವರ ಹೆಸರು ಹಾಕು ಅಂತಿದ್ದಾರೆ.

— ಹಾಕುವುದು ಬಿಡುವುದು ನಿನ್ನ ಇಷ್ಟ, ಕಾನೂನು ಒತ್ತಾಯ ಮಾಡುವುದಿಲ್ಲ. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಸಡಿಲ ಮಾಡಿದಾಗ ಮದುವೆ ಪ್ರಮಾಣಪತ್ರ ಕಡ್ಡಾಯ ಅನ್ನುವುದನ್ನೇ ತೆಗೆದರು. ತಂದೆ ತಾಯಿ ಇಬ್ಬರ ಹೆಸರೂ ಬೇಕೆಂದಿಲ್ಲ, ಒಬ್ಬರದ್ದು ಸಾಕು ಅಂತ ಮಾಡಿದರು. ವಿಚ್ಛೇದನ ಆದವರು ಗಂಡನ ಹೆಸರು ಬರೆಯಬೇಕಿಲ್ಲ. ಸನ್ಯಾಸಿಗಳು ತಂದೆ ತಾಯಿಯ ಬದಲು ಗುರುವಿನ ಹೆಸರು ಕೊಡಬಹುದು. ಒಳ್ಳೆಯ ಬದಲಾವಣೆ ಅದು. ಹೊಸದಾಗಿ ಹೆಸರು ಬದಲಿಸುವುದಾದರೆ ಮಾತ್ರ ಯೋಚನೆ ಮಾಡು. ಮಾರ್ಕ್ಸ್‌ಕಾರ್ಡು, ಎಮಿರೇಟ್ಸ್ ಐಡಿ, ಬ್ಯಾಂಕು, ಊರಿನ ಆಧಾರ್, ಪಾನ್, ಎಲ್ಲದರ ಜೊತೆ ಅದು ಹೊಂದಬೇಕು. ಮದುವೆಯ ಕಾರಣ ಅಲ್ಲದ ಬದಲಾವಣೆಗೆ ಎರಡು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಆ ಪುಟವನ್ನು ಲಗತ್ತಿಸಬೇಕು, ಒಂದು ಊರಿನ ಕಡೆಯದು, ಒಂದು ಈಗ ಇರುವ ಕಡೆಯದು.

— ನನಗೆ ಅಪ್ಪನ ಹೆಸರೇ ಇರಲಿ ಅನ್ನಿಸುತ್ತೆ. ಮಾರ್ಕ್ಸ್‌ಕಾರ್ಡಿನ ಇನಿಷಿಯಲ್ಲೂ ಅದೇ ತಾನೆ.

— ಹಾಗಾದರೆ ಅದೇ ಸರಿ. ಜಾಹೀರಾತಿನ ಖರ್ಚು ಆಗಲಿ, ಇನ್ನು ಹತ್ತು ವರ್ಷ ಯಾವ ವಿಮಾನ ನಿಲ್ದಾಣದಲ್ಲೂ ನೀನು ವಿವರಣೆ ಕೊಡುತ್ತಾ ನಿಲ್ಲಬೇಕಿಲ್ಲ. ಗಂಡನ ಹೆಸರನ್ನು ಕೊನೆಯ ಪುಟದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಹಾಕಿಸು.

— ವಿಳಾಸಕ್ಕೆ ಏನು ಮಾಡೋದು? ಅಪ್ಪ ಅಮ್ಮ ಈಗ ಅಣ್ಣನ ಜೊತೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಹಳೆಯದನ್ನೇ ಬಿಟ್ಟರೆ ಏನಾಗುತ್ತೆ? ಇಲ್ಲಿಂದ ಯಾರು ಹೋಗಿ ನೋಡ್ತಾರೆ?

— ಪೊಲೀಸರು ಹೋಗುತ್ತಾರೆ. ಹೊರದೇಶದಲ್ಲಿ ಕೊಟ್ಟ ಅರ್ಜಿಯಾದರೂ ಪರಿಶೀಲನೆ ಊರಿನ ಠಾಣೆಗೇ ಬರುವುದುಂಟು, ಕೆಲವರಿಗೆ ಪಾಸ್‌ಪೋರ್ಟ್ ಕೊಡುವ ಮೊದಲು, ಕೆಲವರಿಗೆ ಕೊಟ್ಟ ಮೇಲೆ. ತುಮಕೂರಿನ ಆ ಮನೆಯ ಬಾಗಿಲು ತಟ್ಟಿದರೆ ಹೊಸ ಮಾಲೀಕರು, ಅಂಥವರು ಯಾರೂ ಇಲ್ಲಿಲ್ಲ ಅನ್ನುತ್ತಾರೆ. ಅವರು ಹೇಳಿದ್ದು ನಿಜವೇ. ಆ ಒಂದು ವಾಕ್ಯ ವರದಿಯಾಗಿ ಹೋದರೆ ನಿನ್ನ ಕಡತ ನಿಂತಿತು. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸವೇ ಕೊಡು, ಅಪ್ಪನಿಗೆ ಮೊದಲೇ ಫೋನ್ ಮಾಡಿ ಹೇಳಿಡು. ಊರಿನಲ್ಲಿ ಯಾವ ವಿಳಾಸವೂ ಉಳಿದಿಲ್ಲದವರು ಇಲ್ಲಿಯ ವಿಳಾಸವನ್ನೇ ಹಾಕಿಸಿಕೊಳ್ಳಬಹುದು ಅಂತ ದುಬೈ ಕಾನ್ಸುಲೇಟ್ 2020ರಲ್ಲೇ ಹೇಳಿದೆ. ಆದರೆ ಊರಿನದು ಇರುವವರು ಅದನ್ನು ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿಯ ವಿಳಾಸ ಕೆಲಸ ಬದಲಾದ ದಿನ ಬದಲಾಗುತ್ತದೆ.

— ನಮಸ್ಕಾರ್ರೀ ಸರ. ನಂದೂ ಒಂದು ಫಾರ್ಮ್ ತುಂಬೂದೈತ್ರಿ. ನೀವು ಮಾತಾಡಾಕತ್ತೀರಿ, ಮುಗೀಲಿ, ಕುಂದರ್ತೀನಿ.

— ಕಾಯುವುದು ಬೇಡ, ಬಾ, ಇಲ್ಲೇ ಕೂತುಕೋ. ಸೋನಾಪುರದ ಲೇಬರ್ ಕ್ಯಾಂಪಿನಿಂದ ಬಂದಿದ್ದಿ, ಪುನಃ ಬಸ್ ಹಿಡಿಯಬೇಕು. ಎಲ್ಲಿ, ಪಾಸ್‌ಪೋರ್ಟು?

— ಜೆರಾಕ್ಸ್ ತಂದೀನ್ರಿ. ಪಾಸ್‌ಪೋರ್ಟ್ ಕಂಪನಿ ಲಾಕರ್‌ನ್ಯಾಗ ಐತ್ರಿ. ಕೇಳಿದ್ರ, ಊರಿಗೆ ಹೋಗೂಮುಂದ ಕೊಡ್ತೀವಿ ಅಂತಾರ. ನಾಕು ತಿಂಗಳಿಗೆ ಅವಧಿ ಮುಗಿತೈತಿ. ವೀಸಾ ರಿನ್ಯೂ ಆಗೂದಿಲ್ಲ, ಮೊದಲು ಪಾಸ್‌ಪೋರ್ಟ್ ಮಾಡಿಸ್ಕೊಂಡು ಬಾ ಅಂತ ಕಂಪನಿ ಪಿಆರ್‌ಓ ಹೇಳ್ಯಾನ್ರಿ.

— ಪಾಸ್‌ಪೋರ್ಟ್ ಅವರ ಹತ್ತಿರಾನೇ ಇಟ್ಟುಕೊಂಡು, ಪಾಸ್‌ಪೋರ್ಟ್ ಮಾಡಿಸ್ಕೊಂಡು ಬಾ ಅಂತಾರಾ?

— ಇದನ್ನು ನೀನು ಮೊದಲ ಸಲ ಕೇಳುವುದು. ನನಗೆ ಪ್ರತಿ ವಾರ ಕೇಳಿ ಅಭ್ಯಾಸ, ಆದರೂ ಪ್ರತಿ ಸಲ ಸಿಟ್ಟು ಬರುತ್ತದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ, ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರ್ಕಾರದ ಸ್ವತ್ತು ಅಂತ. ನನ್ನದೂ ಅಲ್ಲ, ನಿನ್ನದೂ ಅಲ್ಲ, ಸರ್ಕಾರ ನಮ್ಮ ಕೈಯಲ್ಲಿ ಇಟ್ಟದ್ದು. ಹಾಗಿರುವಾಗ ಕಂಪನಿಯ ಲಾಕರಿಗೆ ಅದು ಹೋದದ್ದು ಯಾವ ಅಧಿಕಾರದಿಂದ? ಸಿಬಿಐ ವಿರುದ್ಧದ ಸುರೇಶ್ ನಂದಾ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಪೊಲೀಸರು ತನಿಖೆಗಾಗಿ ವಶಪಡಿಸಿಕೊಳ್ಳಬಹುದು, ಆದರೆ ಹಿಡಿದಿಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಅಂತ. ಸಿಬಿಐಗೇ ಇಲ್ಲದ ಅಧಿಕಾರ ಇದು. ಇನ್ನು ಈ ದೇಶದ ಕಾನೂನು ಹೇಗುಂಟು ಅಂದರೆ, 2021ರ ಕಾರ್ಮಿಕ ಕಾಯ್ದೆಯ 13ನೇ ವಿಧಿಯಲ್ಲಿ ಮಾಲೀಕ ನೌಕರನ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಎರಡೂ ದೇಶದ ಕಾನೂನು ಇವನ ಪರವಾಗಿಯೇ ಉಂಟು.

— ಕಾನೂನು ಪರವಾಗಿದ್ದೂ ಇವರು ಜೆರಾಕ್ಸ್ ಹಿಡಿದುಕೊಂಡು ಬರಬೇಕಾಯ್ತಲ್ಲ.

— ಕೇಳಿದ್ರ ಕೆಲಸದಿಂದ ತೆಗೀತಾರ ಅಂತ ಅಂಜಿಕಿ ಬಾಯಾರ. ಊರಾಗ ಸಾಲ ಮಾಡಿ ಬಂದೀವಿ.

— ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ಜಗಳದಿಂದ ಶುರು ಮಾಡುವುದು ಬೇಡ. ರೀ-ಇಶ್ಯೂಗೆ, ಅಂದರೆ ಹೊಸ ಪುಸ್ತಕಕ್ಕೆ, ಮೂಲ ಪಾಸ್‌ಪೋರ್ಟ್ ಕೌಂಟರಿನಲ್ಲಿ ಕೊಡಲೇಬೇಕು, ಅಪಾಯಿಂಟ್‌ಮೆಂಟಿನ ಪ್ರತಿ ತೋರಿಸಿ ಕೇಳು, ಬರವಣಿಗೆಯಲ್ಲಿ ಕೇಳು, ವಾಟ್ಸ್ಆ್ಯಪ್ ಆದರೂ ಆಗಬಹುದು. ಕೊಡದಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಉಂಟು, ಅದರ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಬಂದು ಉದ್ಘಾಟನೆ ಮಾಡಿದ ಕೇಂದ್ರ ಅದು. ಆಗ ಅದರ ಹೆಸರಿನಲ್ಲೇ ಕಾರ್ಮಿಕರು ಅಂತ ಇತ್ತು. ಹೊಸ ಪುಸ್ತಕ ಬಂದ ಮೇಲೆ ಅದನ್ನು ವಾಪಸು ಲಾಕರಿಗೆ ಕೊಡಬೇಡ. ವೀಸಾ ಕೆಲಸಕ್ಕೆ ಬೇಕಾದರೆ ಕೊಡು, ಕೆಲಸ ಮುಗಿದ ದಿನ ಕೇಳಿ ತೆಗೆದುಕೋ. 2022ರ ಏಪ್ರಿಲಿನಿಂದ ರೆಸಿಡೆನ್ಸ್ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸುವುದೇ ಇಲ್ಲ, ಎಮಿರೇಟ್ಸ್ ಐಡಿಯೇ ಸಾಕು. ಇಟ್ಟುಕೊಳ್ಳಲಿಕ್ಕೆ ಅವರಿಗಿದ್ದ ನೆವವೂ ಹೋಯಿತು. ಎಷ್ಟನೇ ಕ್ಲಾಸು ಓದಿದ್ದಿ?

— ಏಳನೇತ್ತಾ ರೀ. ಇಲ್ಲಿಗೆ ಬಂದು ಒಂಬತ್ತು ವರ್ಷಾತು. ಸ್ಟೀಲ್ ಫಿಕ್ಸರ್ ಕೆಲಸ.

— ಹಾಗಾದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇರಬೇಕು. ಇಲ್ಲಿ ಉಂಟು ನೋಡು. ಹತ್ತನೇ ತರಗತಿ ಪಾಸಾಗದವನು ಕೆಲಸಕ್ಕೆ ಅಂತ ಹದಿನೆಂಟು ದೇಶಗಳಿಗೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು ಅಂತ ಅದರ ಅರ್ಥ. 1983ರ ವಲಸೆ ಕಾಯ್ದೆಯ ಕೂಸು. ಗಲ್ಫ್ ದೇಶಗಳು ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವನಿಗೆ ಆ ಮುದ್ರೆ ಬೇಕಿಲ್ಲ. ಇವನಿಗೆ ಒಂಬತ್ತು ವರ್ಷ ಆಯಿತು! ಯಾರೂ ಹೇಳಲಿಲ್ಲ. ಫಾರ್ಮಿನಲ್ಲಿ ಒಂದು ಕಡೆ ಗುರುತು ಹಾಕಿ, ಹಳೆಯ ವೀಸಾಗಳ ಪ್ರತಿ ಲಗತ್ತಿಸಿದರೆ ಹೊಸ ಪುಸ್ತಕದಲ್ಲಿ ಅದು ಇರುವುದಿಲ್ಲ.

— ತೆಗೆಸಲೇಬೇಕಾ ಸರ್? ಇಸಿಆರ್ ಇದ್ದವರಿಗೆ ರಕ್ಷಣೆ ಇದೆ ಅಂತ ಕೇಳಿದೀನಿ. ಒಪ್ಪಂದ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ದಾಖಲಾಗುತ್ತೆ, ಹತ್ತು ಲಕ್ಷದ ವಿಮೆ ಕಡ್ಡಾಯ. ಮುದ್ರೆ ಹೋದರೆ ಅದೂ ಹೋಗುತ್ತಲ್ಲ?

— ಒಳ್ಳೆಯ ಪ್ರಶ್ನೆ, ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಮೊದಲ ಸಲ ಬರುವ ಹುಡುಗನಿಗೆ ಅದು ಇರಲಿ ಅಂತಲೇ ನಾನೂ ಹೇಳುವುದು. ಏಜೆಂಟನ ಮಾತು ನಂಬಿ ಹೊರಟವನಿಗೆ ಅದೊಂದು ತಡೆ, ಪ್ರವಾಸಿ ಭಾರತೀಯ ಬೀಮಾ ಯೋಜನೆಯ ಕಾಗದವಾದರೂ ಕೈಯಲ್ಲಿರುತ್ತದೆ. ಆದರೆ ಒಂಬತ್ತು ವರ್ಷ ಇಲ್ಲಿ ಕಬ್ಬಿಣ ಕಟ್ಟಿದವನಿಗೆ ಇಲ್ಲಿಯ ವ್ಯವಹಾರ ನಿನಗಿಂತ ಚೆನ್ನಾಗಿ ಗೊತ್ತುಂಟು. ನಾಳೆ ಒಳ್ಳೆಯ ಕಂಪನಿ ಕರೆದರೆ ಊರಿಗೆ ಹೋಗಿ ಬರುವಾಗ ಆ ಮುದ್ರೆಯ ಹೆಸರಲ್ಲಿ ಪುನಃ ಏಜೆಂಟನ ಕೈಗೆ ಯಾಕೆ ಬೀಳಬೇಕು? ಅವನೇ ತೀರ್ಮಾನ ಮಾಡಲಿ. ಏನಪ್ಪ, ತೆಗೆಸುವುದಾ?

— ತೆಗಸ್ರೀ ಸರ. ಮುಂಬೈ ಏರ್‌ಪೋರ್ಟಿನ್ಯಾಗ ಇದರ ಸಲುವಾಗಿ ಒಂದ್ ಸಲ ಬಾಳ ಹೊತ್ತು ನಿಂದರಿಸಿದ್ರು.

— 2018ರ ಜನವರಿಯಲ್ಲಿ ಏನು ಮಾಡಲು ಹೊರಟಿದ್ದರು ಗೊತ್ತಾ? ಇಸಿಆರ್ ಇರುವವರಿಗೆ ನೀಲಿ ಪಾಸ್‌ಪೋರ್ಟ್ ಬದಲು ಕಿತ್ತಳೆ ಬಣ್ಣದ್ದು ಕೊಡುತ್ತೇವೆ ಅಂತ. ಜೊತೆಗೆ ಕೊನೆಯ ಪುಟವನ್ನು ಮುದ್ರಿಸುವುದೇ ಇಲ್ಲ ಅಂತ. ಈಗ ಸಾಮಾನ್ಯರಿಗೆ ನೀಲಿ, ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೆ ಬಿಳಿ, ರಾಜತಾಂತ್ರಿಕರಿಗೆ ಕೆಂಗಂದು. ಇದರ ಜೊತೆ ಹತ್ತನೇ ತರಗತಿ ಪಾಸಾಗದವನಿಗೆ ಬೇರೆ ಬಣ್ಣ! ಸಾಲಿನಲ್ಲಿ ನಿಂತಾಗ ದೂರದಿಂದಲೇ ಗೊತ್ತಾಗಬೇಕು ಇವನು ಓದಿಲ್ಲ ಅಂತ. ಎಲ್ಲ ಕಡೆಯಿಂದ ವಿರೋಧ ಬಂತು, ಅದೇ ತಿಂಗಳ 30ಕ್ಕೆ ಎರಡನ್ನೂ ಕೈಬಿಟ್ಟರು. ಆ ದಿನ ನನಗೆ ತುಂಬ ಸಮಾಧಾನ ಆಯಿತು.

— ಬಣ್ಣದ ವಿಷಯ ಒಪ್ಪುತ್ತೀನಿ. ಆದರೆ ಕೊನೆಯ ಪುಟ ತೆಗೆಯೋದರಲ್ಲಿ ಒಂದು ನ್ಯಾಯ ಇತ್ತು ಸರ್. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳು, ಒಬ್ಬರೇ ಮಗು ಸಾಕಿದ ತಾಯಂದಿರು ಎಷ್ಟು ಕಾಲದಿಂದ ಕೇಳುತ್ತಿದ್ದರು, ನಮ್ಮ ಮಕ್ಕಳ ಪಾಸ್‌ಪೋರ್ಟಿನಲ್ಲಿ ಆ ಹೆಸರು ಬೇಡ ಅಂತ. ಅದನ್ನು ನೋಡಲು ಸಮಿತಿಯೇ ಕೂತಿತ್ತು. ಬಣ್ಣಕ್ಕೆ ಬಂದ ವಿರೋಧದಲ್ಲಿ ಅವರ ಬೇಡಿಕೆಯೂ ಕೊಚ್ಚಿಹೋಯ್ತು.

— ಅದು ಹೌದು. ಆ ಕಡೆಯಿಂದ ನಾನು ನೋಡಿರಲಿಲ್ಲ. ಒಬ್ಬರ ಹೆಸರು ಸಾಕು ಅನ್ನುವ 2016ರ ನಿಯಮ ಇರುವುದರಿಂದ ಅವರಿಗೂ ದಾರಿ ಉಂಟು. ಆದರೆ ಖಾಲಿ ಬಿಟ್ಟ ಸಾಲನ್ನು ನೋಡಿ ಕೌಂಟರಿನಲ್ಲಿ ಪ್ರಶ್ನೆ ಕೇಳುವವರು ಈಗಲೂ ಇರುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸರಿ, ನಿನ್ನ ಕೊನೆಯ ಪುಟ ಓದಪ್ಪ.

— ವಿಳಾಸದ್ದ ತ್ರಾಸ ಐತ್ರಿ. ಮನಿ ನಂಬರ್ ಹಳೇ ಊರಿಂದು. ಆ ಊರು ಆಲಮಟ್ಟಿ ಹಿನ್ನೀರಿನ್ಯಾಗ ಹೋತು. ನಮ್ಮವರೆಲ್ಲ ಈಗ ಪುನರ್ವಸತಿ ಕೇಂದ್ರದಾಗ ಅದಾರ. ಊರಿನ ಹೆಸರು ಅದ ಐತಿ, ಮನಿ ಬ್ಯಾರೆ, ಓಣಿ ಬ್ಯಾರೆ. ಹತ್ತು ವರ್ಷದ ಹಿಂದ ರೇಷನ್ ಕಾರ್ಡ್ ನೋಡಿ ಬರದಿದ್ರು.

— ಅಂದರೆ ನೀರಿನ ಕೆಳಗಿರುವ ಮನೆಯ ವಿಳಾಸ ಪಾಸ್‌ಪೋರ್ಟಿನಲ್ಲಿದೆ.

— ಇದೇ ನಾನು ಹೇಳುವುದು, ಹಳೆಯದನ್ನೇ ನೋಡಿಕೊಂಡು ತುಂಬಬಾರದು ಅಂತ. ಈಗಿನ ಮನೆಯ ಆಧಾರ್ ಉಂಟಾ? ಹಾಗಾದರೆ ಆ ವಿಳಾಸವೇ ಹಾಕುವ, ಠಾಣೆ ಯಾವುದು ಅಂತ ನಿನ್ನ ಅಣ್ಣನನ್ನು ಕೇಳಿ ಸರಿಯಾಗಿ ಆರಿಸುವ. ಫಾರ್ಮು ತುಂಬಿಕೊಡುವ ಟೈಪಿಂಗ್ ಸೆಂಟರಿನವರು ಇಲ್ಲೇ ಎಡವುವುದು. ಅವರಿಗೆ ನಿಮ್ಮ ಬಾಗಲಕೋಟೆಯ ಠಾಣೆಗಳು ಎಲ್ಲಿಂದ ಗೊತ್ತಿರಬೇಕು? ಜಿಲ್ಲೆ ಸರಿ ಇದ್ದರೆ ಪಟ್ಟಿಯಲ್ಲಿ ಮೊದಲು ಕಂಡ ಠಾಣೆಯನ್ನು ಒತ್ತಿಬಿಡುತ್ತಾರೆ. ಇನ್ನೊಂದು ಮಾತು, ನಿಜ ಹೇಳು, ಊರಿನಲ್ಲಿ ನಿನ್ನ ಮೇಲೆ ಕೇಸು ಗೀಸು ಏನಾದರೂ ಉಂಟಾ?

— ಇಲ್ರೀ ಸರ. ಯಾಕ್ರೀ?

— ಇದನ್ನು ಎಲ್ಲರನ್ನೂ ಕೇಳುತ್ತೇನೆ, ಬೇಸರ ಮಾಡಬೇಡ. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರನ್ನೂ ಎಫ್‌ಐಆರ್‌ನಲ್ಲಿ ಸೇರಿಸುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಹುಡುಗ ವಿಮಾನ ಹತ್ತಿ ಬಂದಿರುತ್ತಾನೆ, ಕೇಸು ಅಲ್ಲೇ ಕೋರ್ಟಿನಲ್ಲಿ ಕೂತಿರುತ್ತದೆ. ಕ್ರಿಮಿನಲ್ ಪ್ರಕರಣ ವಿಚಾರಣೆಯಲ್ಲಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು ಅಂತ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. 1993ರ ಅಧಿಸೂಚನೆಯ ಪ್ರಕಾರ ಆ ಕೋರ್ಟಿನಿಂದ ಅನುಮತಿ ತಂದರೆ ಕೊಡುತ್ತಾರೆ, ಕೋರ್ಟು ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ. ಮೊದಲೇ ಗೊತ್ತಿದ್ದರೆ ವಕೀಲರಿಗೆ ಹೇಳಿ ಅರ್ಜಿ ಹಾಕಿಸಬಹುದು. ಪೊಲೀಸ್ ವರದಿಯಲ್ಲಿ ಬಂದ ಮೇಲೆ ಗೊತ್ತಾದರೆ ವೀಸಾ ಅವಧಿಯೊಳಗೆ ಎಲ್ಲ ಮುಗಿಯುವುದು ಕಷ್ಟ.

— ಅದಕ್ಕೇ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು ಅಂತ ಇಟ್ಟಿದ್ದಾರೆ ಅನ್ನಿಸುತ್ತೆ.

— ಇಟ್ಟಿದ್ದಾರೆ, ಯಾರೂ ಬಳಸುವುದಿಲ್ಲ. ಹತ್ತು ವರ್ಷದ ಪಾಸ್‌ಪೋರ್ಟು ನಿಜವಾಗಿ ಒಂಬತ್ತೂವರೆ ವರ್ಷದ್ದು. ಕೊನೆಯ ಆರು ತಿಂಗಳು ಬಹಳಷ್ಟು ದೇಶಗಳು ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಕೆಲಸದ ವೀಸಾ ಮೇಲೆ ಇರುವವರ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಇಳಿದಾಗ ಅಧಿಕಾರಿ ಐ-94 ಅನ್ನುವ ದಾಖಲೆಯಲ್ಲಿ ಎಷ್ಟು ದಿನ ಇರಬಹುದು ಅಂತ ಬರೆಯುತ್ತಾನೆ. ವೀಸಾ ಮೂರು ವರ್ಷ ಇದ್ದರೂ ಪಾಸ್‌ಪೋರ್ಟು ಒಂದೇ ವರ್ಷ ಇದ್ದರೆ ಆ ಒಂದೇ ವರ್ಷಕ್ಕೆ ಬರೆದುಬಿಡುವುದುಂಟು. ಆಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರೂ ಆ ದಿನಾಂಕ ತನ್ನಷ್ಟಕ್ಕೆ ಮುಂದಕ್ಕೆ ಹೋಗುವುದಿಲ್ಲ. ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗನಿಗೆ ನಾನು ಇದನ್ನು ಮಾತ್ರ ಹೇಳಿ ಕಳಿಸಿದ್ದು, ವಿಮಾನ ಹತ್ತುವ ಮೊದಲು ಪಾಸ್‌ಪೋರ್ಟ್ ಹೊಸದು ಮಾಡಿಸು ಅಂತ. ಹಳೆಯ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಕೆಡುವುದಿಲ್ಲ, ಎರಡನ್ನೂ ಜೊತೆಗೆ ಒಯ್ದರೆ ಸಾಕು.

— ಸರ, ಫೀಸ್ ಎಷ್ಟ್ ಆಗತೈತ್ರಿ? ಟೈಪಿಂಗ್ ಸೆಂಟರಿನ್ಯಾಗ ಒಂದ್ ರೇಟ್ ಹೇಳ್ತಾನ, ರೂಮಿನ್ಯಾಗ ಒಬ್ಬವ ಇನ್ನೊಂದು ಹೇಳ್ತಾನ.

— ಸರ್ಕಾರದ ಶುಲ್ಕ, ಅರ್ಜಿ ತೆಗೆದುಕೊಳ್ಳುವ ಹೊರಗುತ್ತಿಗೆ ಸಂಸ್ಥೆಯ ಸೇವಾ ಶುಲ್ಕ, ಮತ್ತೆ ಎಂಟು ದಿರ್ಹಮ್ ಬೇರೆ. ಈ ಮೂರು ಬಿಟ್ಟು ಯಾರು ಏನು ಕೇಳಿದರೂ ಕೊಡುವುದು ಕಡ್ಡಾಯ ಅಲ್ಲ. ಎಸ್‌ಎಂಎಸ್, ಕೊರಿಯರ್, ಜೆರಾಕ್ಸ್, ಫೋಟೋ ಎಲ್ಲ ಬೇಕಾದರೆ ಮಾತ್ರ. ಪ್ರೀಮಿಯಂ ಲೌಂಜ್ ಅಂತ ಒಂದು ಉಂಟು, ಹೆಚ್ಚು ಹಣ ಕೊಟ್ಟರೆ ಮೆತ್ತನೆ ಕುರ್ಚಿ, ಬೇಗ ಕೆಲಸ. ನನಗೆ ಅದು ಸರಿ ಕಾಣುವುದಿಲ್ಲ. ಪಾಸ್‌ಪೋರ್ಟ್ ಅನ್ನುವುದು ಹಣ ಇದ್ದವನಿಗೆ ಬೇಗ, ಇಲ್ಲದವನಿಗೆ ನಿಧಾನ ಆಗಬಾರದು.

— ನೀವೇ ಹೇಳ್ತಿದ್ದಿರಲ್ಲ, ಮೊದಲು ಎಲ್ಲರೂ ಕಾನ್ಸುಲೇಟಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದರು ಅಂತ. ಹೊರಗುತ್ತಿಗೆ ಬಂದ ಮೇಲೆ ಎಸಿ ಹಾಲು, ಟೋಕನ್ನು. ಅದೂ ಸುಧಾರಣೆ ತಾನೆ? ದುಡ್ಡಿರೋರು ಲೌಂಜಿಗೆ ಹೋದರೆ ಈ ಕಡೆ ಸಾಲೂ ಕಮ್ಮಿಯಾಗುತ್ತೆ.

— ನೆರಳು ಕೊಟ್ಟದ್ದು ಸುಧಾರಣೆಯೇ. ಆದರೆ ಪಾಸ್‌ಪೋರ್ಟಿನ ಹಿಂದಿನ ಕಥೆ ನಿನಗೆ ಗೊತ್ತಿರಬೇಕು. 1967ರ ತನಕ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಪೂರ್ತಿ ಸರ್ಕಾರದ ಮರ್ಜಿ. ಕೊಡಲೇಬೇಕು ಅನ್ನುವ ಕಾನೂನೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಅನ್ನುವ ವ್ಯಾಪಾರಿಗೆ ನಿನ್ನ ಪಾಸ್‌ಪೋರ್ಟುಗಳನ್ನು ವಾಪಸು ಕೊಡು ಅಂದರು, ಅವರು ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರ ಪೀಠ, ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಹೊರದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ ಅಂದರು. ಆಮೇಲೆ ಅವಸರದಲ್ಲಿ ಬಂದದ್ದೇ ಈ ಪಾಸ್‌ಪೋರ್ಟ್ ಕಾಯ್ದೆ, 1967ರ ಜೂನ್ 24. ಹನ್ನೊಂದು ವರ್ಷ ಆದ ಮೇಲೆ ಮೇನಕಾ ಗಾಂಧಿ ಪ್ರಕರಣ. ಕಾರಣ ಹೇಳದೆ, ಅವರ ಮಾತು ಕೇಳದೆ ಪಾಸ್‌ಪೋರ್ಟ್ ವಶಪಡಿಸಿಕೊಂಡದ್ದರಿಂದ ಎದ್ದ ಆ ಮೊಕದ್ದಮೆ ನಮ್ಮ ಇಡೀ ಸಂವಿಧಾನದ ಓದನ್ನೇ ಬದಲಿಸಿತು. ಹಾಗಾಗಿ ಕೌಂಟರಿನ ಈ ಕಡೆ ನಿಂತವನು ಕೈಮುಗಿದು ಕೇಳಬೇಕಾದ್ದಲ್ಲ ಇದು. ಇವನು ಅರ್ಧ ದಿನದ ಸಂಬಳ ಬಿಟ್ಟು ಹೋಗುತ್ತಾನೆ, ದೂರದ ಫುಜೈರಾದವನಾದರೆ ಇಡೀ ದಿನದ್ದು. ಒಂದು ಫೋಟೋದ ಹಿನ್ನೆಲೆ ಬೆಳ್ಳಗಿಲ್ಲ ಅಂತ ವಾಪಸು ಕಳಿಸಿದರೆ ಇನ್ನೊಂದು ದಿನದ ಸಂಬಳ. ನೀನು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಲ್ಲೇ ಕೂತು ಕೆಲಸ ಮಾಡಬಹುದು.

— ಅದು ನಿಜ.

— ಊರಿನಲ್ಲಿ ನೋಡು. ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಯೋಗ 2010ರಲ್ಲಿ ಶುರುವಾದ ಊರುಗಳಲ್ಲಿ ನಮ್ಮ ಬೆಂಗಳೂರು ಒಂದು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಂತ ಮೊದಲು ತೆರೆದದ್ದು ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಎಷ್ಟೋ ಸಣ್ಣ ಊರಿನವರು ತಮ್ಮ ಅಂಚೆ ಕಚೇರಿಗೇ ಹೋಗಿ ಬರುತ್ತಾರೆ. ಅದೇ ಬುದ್ಧಿ ಇಲ್ಲಿಗೂ ಬರಬೇಕು. ಲೇಬರ್ ಕ್ಯಾಂಪಿನ ಬಾಗಿಲಿಗೆ ಕೌಂಟರ್ ಬರಬೇಕು, ಭಾನುವಾರ ಬರಬೇಕು, ಕನ್ನಡ, ತೆಲುಗು, ಬಂಗಾಳಿ ಬಲ್ಲವರು ಒಬ್ಬೊಬ್ಬರು ಕೂತಿರಬೇಕು.

— ಆ ಎಂಟು ದಿರ್ಹಮ್ ಯಾತರದ್ರಿ ಸರ?

— ಅದು ನಿನ್ನದೇ ಹಣ ಅಂತ ತಿಳಿದುಕೋ. ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಲ್ಲಿ ಮಾಡಿದರು. ಕಾನ್ಸುಲೇಟಿನ ಪ್ರತಿ ಸೇವೆಗೂ ಇಷ್ಟು ಅಂತ ಸೇರಿಸಿ ತೆಗೆದುಕೊಳ್ಳುತ್ತಾರೆ, ಈ ಮೇಡಂ ಕೊಡುವುದೂ ಅಷ್ಟೇ, ನೀನು ಕೊಡುವುದೂ ಅಷ್ಟೇ. ಸಂಬಳ ಸಿಗದೆ ಬೀದಿಗೆ ಬಿದ್ದವರಿಗೆ ಊಟ ವಸತಿ, ಆಸ್ಪತ್ರೆಯ ತುರ್ತು ಖರ್ಚು, ವಾಪಸು ಹೋಗುವ ಟಿಕೆಟ್, ತೀರಿಹೋದವರ ದೇಹವನ್ನು ಊರಿಗೆ ಕಳಿಸುವುದು, ಎಲ್ಲ ಅದರಿಂದ ನಡೆಯುತ್ತದೆ. ಕಂಪನಿ ಕೈಬಿಟ್ಟಾಗ ಅರ್ಹತೆ ಇದ್ದವರು ಕೇಳಿ ಪಡೆಯಬೇಕು. ಹೆಚ್ಚಿನವರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ.

— ನಮ್ಮ ರೂಮಿನ್ಯಾಗ ಒಬ್ಬಾವ ಅದಾನ್ರಿ. ಅವನ ಪಾಸ್‌ಪೋರ್ಟ್ ಮುಗದು ಎರಡು ವರ್ಷಾತು, ವೀಸಾನೂ ಇಲ್ಲ. ಅವಂದೂ ಹೊಸಾದು ಆಗತೈತೇನ್ರಿ?

— ಅವನು ಯಾಕೆ ಬರಲಿಲ್ಲ?

— ಕಾನ್ಸುಲೇಟಿಗೆ ಹೋದ್ರ ಹಿಡಕೊಡ್ತಾರ ಅಂತಾನ್ರಿ.

— ಕಾನ್ಸುಲೇಟ್ ಪೊಲೀಸ್ ಠಾಣೆಯಲ್ಲ ಅಂತ ಅವನಿಗೆ ಹೇಳು. ತನ್ನ ದೇಶದ ಪ್ರಜೆಗಳಿಗೆ ಪಾಸ್‌ಪೋರ್ಟು, ಪ್ರಯಾಣದ ಕಾಗದ ಕೊಡುವುದು ಕಾನ್ಸುಲೇಟಿನ ಕೆಲಸ ಅಂತ 1963ರ ವಿಯೆನ್ನಾ ಒಪ್ಪಂದದಲ್ಲೇ ಬರೆದದ್ದುಂಟು. ವೀಸಾ ಇಲ್ಲದ್ದರಿಂದ ಅವನಿಗೆ ಹೊಸ ಪುಸ್ತಕ ಸಿಗುವುದು ಕಷ್ಟ, ಆದರೆ ಊರಿಗೆ ಹೋಗುವುದಾದರೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ನೀವೆಲ್ಲ ಔಟ್‌ಪಾಸ್ ಅನ್ನುತ್ತೀರಲ್ಲ, ಅದೇ. ಒಂದೇ ಸಲ, ಭಾರತಕ್ಕೆ ಮಾತ್ರ. ಇಲ್ಲಿಯ ದಂಡದ ವಿಷಯ ಬೇರೆ. ಈ ಸರ್ಕಾರ ನಡುನಡುವೆ ಕ್ಷಮಾದಾನ ಕೊಡುತ್ತದೆ, 2018ರಲ್ಲಿ ಕೊಟ್ಟಿತ್ತು, 2024ರಲ್ಲಿ ಸೆಪ್ಟೆಂಬರಿನಿಂದ ವರ್ಷದ ಕೊನೆಯ ತನಕ ಕೊಟ್ಟಿತು. ಆಗ ಅವನು ಎಲ್ಲಿದ್ದ?

— ಅಂಜಿ ಹೊರಗ ಬರಲಿಲ್ರಿ.

— ಮುಂದಿನ ವಾರ ಅವನನ್ನೂ ಕರೆದುಕೊಂಡು ಬಾ. ಒಬ್ಬನೇ ಬರಲು ಹೆದರುತ್ತಾನಾದರೆ ನಾನೇ ಜೊತೆಗೆ ಹೋಗುತ್ತೇನೆ.

— ನಾನೂ ಬರ್ತೀನಿ ಸರ್. ಫಾರ್ಮು ಟೈಪ್ ಮಾಡೋದಾದರೂ ನನ್ನಿಂದ ಆಗುತ್ತೆ. ಇವರದ್ದು ಈಗಲೇ ಶುರು ಮಾಡಿಬಿಡೋಣ, ನನ್ನದು ನಿಧಾನಕ್ಕೆ ಆಗಲಿ.

— ನಿನ್ನದು ನಿಧಾನ ಆಗಬಾರದು. ಮೇ ತಿಂಗಳಿಗೆ ಅಲ್ಲವಾ ನಿನಗೆ ಹೆರಿಗೆ? ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಇಲ್ಲಿಯ ಪೌರತ್ವ ಇಲ್ಲ. ಭಾರತದ್ದು ತನ್ನಷ್ಟಕ್ಕೆ ಬರುವುದಿಲ್ಲ. ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹುಟ್ಟಿದ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ಹೆಸರು ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಮಗುವಿಗೆ ಇಲ್ಲ ಅಂತ ಅಪ್ಪ ಅಮ್ಮ ಘೋಷಣೆ ಕೊಡಬೇಕು. ವರ್ಷ ದಾಟಿದರೆ ದೆಹಲಿಯಿಂದ ಅನುಮತಿ ಬರಬೇಕು. ಯುಎಇ ಕಡೆಯಿಂದ ಇನ್ನೊಂದು ಗಡುವು, 120 ದಿನದೊಳಗೆ ಮಗುವಿಗೆ ರೆಸಿಡೆನ್ಸ್ ವೀಸಾ ಆಗಬೇಕು, ತಪ್ಪಿದರೆ ದಿನಕ್ಕಿಷ್ಟು ಅಂತ ದಂಡ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ನೋಂದಣಿ ಬೇಕು, ಅದಕ್ಕೆ ಮದುವೆಯ ದಾಖಲೆ ಬೇಕು.

— ಅಂದರೆ ನನ್ನ ಪಾಸ್‌ಪೋರ್ಟಿನಲ್ಲಿ ಅವರ ಹೆಸರು, ಅವರ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಇದ್ದರೆ ಸುಲಭ.

— ಬಹಳ ಸುಲಭ. ಇಲ್ಲದಿದ್ದರೆ ತುಮಕೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ನಿನ್ನ ಅಣ್ಣನನ್ನು ಅಟ್ಟಬೇಕು, ಪ್ರಮಾಣಪತ್ರಕ್ಕೆ ಅಪೊಸ್ಟಿಲ್, ದೃಢೀಕರಣ ಅಂತ ಓಡಾಟ. ಗಂಡನ ಪಾಸ್‌ಪೋರ್ಟಿನ ಅವಧಿ ಎಷ್ಟುಂಟು?

— ಆರು ವರ್ಷ ಇದೆ.

— ಆದರೂ ಅವನೂ ರೀ-ಇಶ್ಯೂ ಹಾಕಬಹುದು, ಹೆಂಡತಿಯ ಹೆಸರು ಸೇರಿಸಬೇಕು ಅನ್ನುವ ಕಾರಣ ಕೊಟ್ಟು. ಇಬ್ಬರೂ ಒಂದೇ ದಿನದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಈಗ ಮೊದಲು ಇವನ ಫಾರ್ಮು ತೆರೆ. ಹೆಸರಿನ ಪ್ರತಿ ಅಕ್ಷರ ಓದಿ ಹೇಳು, ಅವನು ಹೂಂ ಅಂದ ಮೇಲೆಯೇ ಮುಂದಿನ ಸಾಲಿಗೆ ಹೋಗು. ತಾಯಿಯ ಹೆಸರು ಏನಪ್ಪ?

— ಅವ್ವನ ಹೆಸರು ಆಧಾರ್‌ನ್ಯಾಗ ಒಂದು, ರೇಷನ್ ಕಾರ್ಡಿನ್ಯಾಗ ಒಂದು ಐತ್ರಿ.

— ನೀನು ಕರೆಯುವ ಹೆಸರು ಯಾವುದರಲ್ಲಿ ಉಂಟು?

— ಆಧಾರ್‌ನ್ಯಾಗ ರೀ.

— ಹಾಗಾದರೆ ಅಣ್ಣನಿಗೆ ಫೋನ್ ಮಾಡಿ ಅದರ ಫೋಟೋ ಕಳಿಸಲಿಕ್ಕೆ ಹೇಳು, ಎರಡೂ ಬದಿಯದ್ದು. ಬರುವ ತನಕ ಮೇಡಂ ಉಳಿದದ್ದು ತುಂಬುತ್ತಾರೆ.